ಭಾವನವರ ವಿದ್ಯುತ್ ಕಾರು

ಬೈಂದೂರಿನಿಂದ ಭಾವನವರ ಕರೆ ಬಂದಾಗ ನಾನು ಹಿತ್ತಿಲಿನಲ್ಲಿ ಬಸಳೆಯ ಚಪ್ಪರಕ್ಕೆ ಕೋಲು ಕಟ್ಟುತ್ತಿದ್ದೆ. ಅವರ ಕರೆಗೆ ಪೀಠಿಕೆಯೆಂಬುದು ಎಂದೂ ಇರುವುದಿಲ್ಲ. “ಹ್ವಾಯ್ ಮಾಸ್ಟ್ರೆ, ನೀವ್ ಕರೆಂಟಿನ ಪಾಠ ಮಾಡಿದವ್ರಲ್ದಾ? ಒಂದು ಕರೆಂಟಿನ ಕಾರ್ ತಕಂಬ ಅಂದೇಳಿ ಇತ್ತ್. ಒಳ್ಳೇದೋ ಕೆಟ್ಟದ್ದೋ ಹೇಳಿ” ಎಂದರು. ಮೂವತ್ತೆರಡು ವರ್ಷ ಜೂನಿಯರ್ ಕಾಲೇಜಿನ ಹುಡುಗರಿಗೆ ವಿದ್ಯುತ್ತು, ಕಾಂತತ್ವ, ಉಷ್ಣ ಎಂದು ಬೋರ್ಡಿನ ಮೇಲೆ ಬರೆದು ಅಳಿಸಿದವನು ನಾನು. ಆ ವಿದ್ಯೆಯಿಂದ ನನಗೆ ನಿವೃತ್ತಿ ವೇತನವೊಂದು ದೊರೆತುದನ್ನು ಬಿಟ್ಟರೆ, ಯಾರಾದರೊಬ್ಬರ ಸಂಸಾರದ ನಿರ್ಧಾರಕ್ಕೆ ಅದು ಬೇಕಾಗಬಹುದೆಂದು ಎಣಿಸಿರಲಿಲ್ಲ.

“ಎಷ್ಟರದ್ದು ಭಾವ?” ಎಂದು ಕೇಳಿದೆ.

“ಐವತ್ತ್ ಲಕ್ಷದ್ದ್.”

ಕೈಯಲ್ಲಿದ್ದ ಕೋಲು ಕೆಳಗೆ ಬಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಭಾವನವರ ಪರಿಚಯವನ್ನು ವಾಚಕರಿಗೆ ಒಂದೆರಡು ಮಾತಿನಲ್ಲಿ ಮಾಡಿಕೊಡಬೇಕು. ನಮ್ಮ ಕಡೆಯ ನೂರಾರು ಮನೆಗಳ ಕಥೆ ಯಾವುದೋ ಅದೇ ಅವರದೂ. ಹದಿನಾಲ್ಕನೆಯ ವಯಸ್ಸಿಗೆ ಬೆಂಗಳೂರಿನ ಬಸ್ಸು ಹತ್ತಿದರು. ಹೋಟೆಲಿನಲ್ಲಿ ಮಾಣಿಯಾಗಿ ಲೋಟ ತೊಳೆದರು. ಆಮೇಲೆ ಸಪ್ಲೈಯರ್, ಆಮೇಲೆ ಗಲ್ಲೆ, ಆಮೇಲೆ ಪಾಲುದಾರ. ಕೊನೆಗೆ ಸ್ವಂತದ್ದೊಂದು ಹೋಟೆಲು. ಈಗ ಎಪ್ಪತ್ತೊಂದು ವರ್ಷವಾಗಿ, ಹೋಟೆಲನ್ನು ಮಾರಿ, ಬೈಂದೂರಿನ ಹಳೆಯ ಮನೆಯನ್ನು ರಿಪೇರಿ ಮಾಡಿಸಿಕೊಂಡು ಬಂದು ಕುಳಿತಿದ್ದಾರೆ. ಬಂದು ವರ್ಷ ತುಂಬುವುದರೊಳಗೆ ನನ್ನ ಅಕ್ಕನ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಕುಂದಾಪುರದಲ್ಲಿಯೂ ಆ ಸೌಕರ್ಯ ಉಂಟು. ಆದರೆ ಅಕ್ಕನಿಗೆ ಹೃದಯದ ತೊಂದರೆಯೂ ಜೊತೆಗೂಡಿರುವುದರಿಂದ, ಅವಳನ್ನು ಮೊದಲಿನಿಂದ ನೋಡುತ್ತಿರುವ ವೈದ್ಯರು ಮಣಿಪಾಲದವರಾದುದರಿಂದ, ಸವಾರಿ ಅಲ್ಲಿಗೇ. ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು ಎಪ್ಪತ್ತೈದು ಕಿಲೋಮೀಟರು. ಹೋಗಿ ಬರಲು ನೂರೈವತ್ತು. ಇದುವರೆಗೆ ಬಾಡಿಗೆಯ ವ್ಯಾನಿನಲ್ಲಿ ನಡೆಯುತ್ತಿತ್ತು. ಹೋಗುವಾಗ ಹೇಗೋ ಹೋಗುತ್ತಾಳೆ. ಬರುವಾಗ ರಕ್ತವನ್ನೆಲ್ಲ ಯಂತ್ರದಲ್ಲಿ ತೊಳೆಸಿಕೊಂಡು, ಕಾಲಿನ ಸೆಳೆತದಿಂದ ಹಲ್ಲು ಕಚ್ಚಿಕೊಂಡು, ವ್ಯಾನಿನ ನಡುಕಕ್ಕೆ ಕಣ್ಣು ಮುಚ್ಚಲಾರದೆ ಬರುತ್ತಾಳೆ. ಆದುದರಿಂದ ಭಾವನವರ ಪ್ರಶ್ನೆಯನ್ನು ಶ್ರೀಮಂತರ ಚಪಲವೆಂದು ತಳ್ಳಿಹಾಕುವ ಹಾಗಿರಲಿಲ್ಲ.

ಕಾಗದ ಪೆನ್ಸಿಲು ಹಿಡಿದು ಕುಳಿತೆ.

ಮೊದಲಿಗೆ ಖರ್ಚಿನ ಮಾತು. ವಾರಕ್ಕೆ ಮುನ್ನೂರು ಕಿಲೋಮೀಟರಿನಂತೆ ವರ್ಷಕ್ಕೆ 15,600 ಕಿಲೋಮೀಟರು. ಪೆಟ್ರೋಲಿನ ಕಾರು ಲೀಟರಿಗೆ ಹದಿನೈದು ಕಿಲೋಮೀಟರು ಕೊಟ್ಟೀತು; ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೆ ವರ್ಷಕ್ಕೆ ಒಂದು ಲಕ್ಷದ ನಾಲ್ಕು ಸಾವಿರ. ದೊಡ್ಡ ವಿದ್ಯುತ್ ಕಾರು ನಮ್ಮ ಹೆದ್ದಾರಿಯಲ್ಲಿ, ಎ.ಸಿ. ಹಾಕಿಕೊಂಡು, ಯೂನಿಟ್ಟಿಗೆ ಆರು ಕಿಲೋಮೀಟರಿನಂತೆ ಓಡಿದರೆ 2,600 ಯೂನಿಟ್ಟು. ಚಾರ್ಜು ಮಾಡುವಾಗ ಆಗುವ ನಷ್ಟವನ್ನು ಸೇರಿಸಿ 2,900 ಎನ್ನೋಣ. ಮನೆಯ ವಿದ್ಯುತ್ತನ್ನು ಯೂನಿಟ್ಟಿಗೆ ಏಳು ರೂಪಾಯಿಯಂತೆ ಎಣಿಸಿದರೆ ಇಪ್ಪತ್ತು ಸಾವಿರದ ಮೇಲೆ ಮುನ್ನೂರು. ಅಂದರೆ ವರ್ಷಕ್ಕೆ ಎಂಬತ್ತು ಸಾವಿರಕ್ಕಿಂತ ಹೆಚ್ಚು ಉಳಿತಾಯ. ಈ ಭಾಗವನ್ನು ಓದಿ ಹೇಳಿದಾಗ ಭಾವನವರ ದನಿಯಲ್ಲಿ ಹಬ್ಬದ ಕಳೆಯಿತ್ತು.

ಆದರೆ ಕಾಗದದ ಮತ್ತೊಂದು ಮಗ್ಗುಲೂ ಇತ್ತಷ್ಟೆ. ಹದಿನೆಂಟು ಲಕ್ಷಕ್ಕೆ ಅಚ್ಚುಕಟ್ಟಾದ ಪೆಟ್ರೋಲ್ ಸೆಡಾನ್ ಬರುತ್ತದೆ. ಮಿಕ್ಕ ಮೂವತ್ತೆರಡು ಲಕ್ಷವನ್ನು ಶೇಕಡ ಏಳರ ಬಡ್ಡಿಗಿಟ್ಟರೆ ವರ್ಷಕ್ಕೆ 2,24,000 ರೂಪಾಯಿ ಮನೆಯಲ್ಲಿ ಕುಳಿತಲ್ಲಿಗೆ ಬರುತ್ತದೆ. ಎಂಬತ್ತು ಸಾವಿರ ಉಳಿಸುವುದಕ್ಕಾಗಿ ಎರಡೂಕಾಲು ಲಕ್ಷ ಬಿಡುವುದು ಯಾವ ಲೆಕ್ಕ? ಇದನ್ನು ಹೇಳಿದೆ. ಹೋಟೆಲಿನ ಗಲ್ಲೆಯಲ್ಲಿ ನಲವತ್ತು ವರ್ಷ ಕುಳಿತವರಿಗೆ ಬಡ್ಡಿಯ ಲೆಕ್ಕವನ್ನು ನಾನು ಹೇಳಿಕೊಡುವುದೇ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೇ ಐವತ್ತ್ ಲಕ್ಷದ ಪೆಟ್ರೋಲ್ ಕಾರಿನ ಎದುರಿಗಿಟ್ಟ್ ಲೆಕ್ಕ ಮಾಡಿ ಕಾಂಬ” ಎಂದರು.

ಮಾತು ನ್ಯಾಯವಾದದ್ದೇ. ಬೆಲೆ ಸಮನಾದ ಎರಡು ಕಾರುಗಳನ್ನು ಎದುರುಬದುರು ನಿಲ್ಲಿಸಿದರೆ ತಕ್ಕಡಿ ವಿದ್ಯುತ್ತಿನ ಕಡೆಗೇ ವಾಲುತ್ತದೆ. ದೊಡ್ಡ ಪೆಟ್ರೋಲ್ ಕಾರಿನ ಮೇಲೆ 2025ರ ಸೆಪ್ಟೆಂಬರಿನ ಪರಿಷ್ಕರಣೆಯಂತೆ ಶೇಕಡ ನಲವತ್ತು ಜಿ.ಎಸ್.ಟಿ.; ವಿದ್ಯುತ್ ಕಾರಿಗೆ, ಅದು ಎಷ್ಟೇ ಬೆಲೆಯದಾಗಲಿ, ಶೇಕಡ ಐದು. ದೇಶದ ರಾಜ್ಯಗಳಲ್ಲೆಲ್ಲ ಮೊದಲಿಗೆ, 2017ರಲ್ಲಿ, ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ್ದು ಕರ್ನಾಟಕ. ಬಹುಕಾಲ ಇಲ್ಲಿ ಈ ಕಾರುಗಳಿಗೆ ಆಜೀವ ತೆರಿಗೆಯೇ ಇರಲಿಲ್ಲ. 2024ರಲ್ಲಿ, ಇಪ್ಪತ್ತೈದು ಲಕ್ಷಕ್ಕೆ ಮೀರಿದವುಗಳಿಗೆ ಶೇಕಡ ಹತ್ತರ ತೆರಿಗೆ ಬಂತು. ಐವತ್ತು ಲಕ್ಷದ ಕಾರಿಗೆ ಐದು ಲಕ್ಷ. ಅಷ್ಟು ಕೊಟ್ಟರೂ ಪೆಟ್ರೋಲಿನ ದೊಡ್ಡ ಕಾರಿಗಿಂತ ಅದು ಹಗುರವೇ. ಇಲ್ಲಿ ನನಗೆ ತೋರಿದ್ದಿಷ್ಟು: ಲೆಕ್ಕ ತಪ್ಪುವುದು ಕೂಡಿಸಿ ಕಳೆಯುವುದರಲ್ಲಿ ಅಲ್ಲ, ಯಾವುದನ್ನು ಯಾವುದರ ಪಕ್ಕದಲ್ಲಿ ಇಟ್ಟೆವು ಎಂಬುದರಲ್ಲಿ. ಭಾವನವರಿಗೆ ಐವತ್ತು ಲಕ್ಷದ ಪೆಟ್ರೋಲ್ ಕಾರು ಬೇಕಾಗಿಯೇ ಇರಲಿಲ್ಲ. ಹಾಗಾದರೆ ಅದರೊಡನೆ ಹೋಲಿಸುವುದೇಕೆ?

ಉದ್ದ ಕಾರೇ ಏಕೆಂದು ಕೇಳಿದೆ. ಇದೇ ವಿದ್ಯುತ್ತಿನಲ್ಲಿ ಓಡುವ, ಇದರ ಅರ್ಧಕ್ಕಿಂತ ಕಡಿಮೆ ಬೆಲೆಯ, ಎತ್ತರದ ಮೈಯ ಕಾರುಗಳನ್ನು ಟಾಟಾ ಕಂಪನಿಯವರೂ ಮಹೀಂದ್ರದವರೂ ಮಾಡುತ್ತಾರೆ. ನಮ್ಮ ದಾರಿಗೂ ವಯಸ್ಸಿಗೂ ಅವೇ ಮೇಲಲ್ಲವೇ ಎಂದೆ. ಆಗ ಭಾವನವರು ನಾನೆಂದೂ ಕೇಳಿರದ ಸಂಗತಿಯನ್ನು ಹೇಳಿದರು. ಅವರು ಮಾಣಿಯಾಗಿದ್ದ ಹೋಟೆಲಿನ ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಬೆಳ್ಳನೆಯ ಇಂಪಾಲಾ ಕಾರೊಂದು ಬಂದು ನಿಲ್ಲುತ್ತಿತ್ತಂತೆ. ಅದರಲ್ಲಿ ಗಂಡ ಹೆಂಡತಿ ಇಬ್ಬರೇ. ಇಳಿಯುತ್ತಿರಲಿಲ್ಲ, ಮಾಣಿ ತಟ್ಟೆಯನ್ನು ಕಾರಿಗೇ ಒಯ್ಯಬೇಕು. ಆ ಹೆಂಗಸು ಹಿಂದಿನ ಸೀಟಿನಲ್ಲಿ ಒರಗಿಕೊಂಡು ಕಾಫಿ ಕುಡಿಯುತ್ತಿದ್ದ ಚಿತ್ರ ಐವತ್ತೇಳು ವರ್ಷಗಳ ಮೇಲೂ ಅವರ ಕಣ್ಣಿನಲ್ಲಿದೆ. “ನಿಮ್ಮಕ್ಕನ್ನ ನಾನ್ ಕೆಂಪು ಬಸ್ಸಲ್ಲೇ ತಿರಗ್ಸದ್ದ್ ಮಾಸ್ಟ್ರೆ” ಎಂದು ಅಲ್ಲಿಗೇ ನಿಲ್ಲಿಸಿದರು. ಇದಕ್ಕೆ ಯಾವ ಕಾಲಮ್ಮಿನಲ್ಲಿ ಅಂಕಿ ಬರೆಯಲಿ?

ದೈವಯೋಗದಿಂದ, ಅವರ ಹೋಟೆಲಿನ ಕಾಲದ ಮಿತ್ರರೊಬ್ಬರು ಕೊಲ್ಲೂರಿನ ಹರಕೆಗಾಗಿ ಅಂಥದೇ ಒಂದು ಕಾರಿನಲ್ಲಿ ಬಂದರು. ಬೆಂಗಳೂರಿನಿಂದ ನಮ್ಮ ಕಡೆಗೆ ಸುಮಾರು 420 ಕಿಲೋಮೀಟರು; ನಡುವೆ ಒಮ್ಮೆ ನಿಂತು ಊಟ ಮಾಡುವಷ್ಟರಲ್ಲಿ ಕಾರೂ ಉಂಡಿತಂತೆ. ಅವರು ಊರಿನ ನೆಂಟರಲ್ಲಿ ಉಳಿದುಕೊಂಡ ಮೂರು ದಿನ ಕಾರು ಭಾವನವರ ಅಂಗಳದಲ್ಲಿತ್ತು. ನಾನು ಕುಂದಾಪುರದಿಂದ ಬೈಂದೂರಿಗೆ ಹೋಗಿ ಇಳಿದೆ. ಆ ಕಾರಿನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಮೂರು ದಿನದ ಪರಿಚಯದಿಂದ ಒಬ್ಬರ ಮೇಲೆ ತೀರ್ಪು ಬರೆಯುವುದು ಸರಿಯಲ್ಲ. ನಮ್ಮ ದೇಶದಲ್ಲಿ ಈ ಜಾತಿಯ ಕಾರುಗಳೇ ವಿರಳ. 2022ರಲ್ಲಿ ಬಿ.ಎಂ.ಡಬ್ಲ್ಯು. ಐ4 ಬಂತು, ಅದೇ ವರ್ಷ ಮರ್ಸಿಡಿಸ್‌ನ ಇ.ಕ್ಯೂ.ಎಸ್. ಎಂಬ ಕೋಟಿಯ ಮೇಲಿನ ಬೆಲೆಯ ಕಾರನ್ನು ಪುಣೆಯ ಹತ್ತಿರದ ಚಾಕಣದಲ್ಲಿ ಜೋಡಿಸತೊಡಗಿದರು. 2024ರ ಮಾರ್ಚಿಯಲ್ಲಿ ಚೀನದ ಬಿ.ವೈ.ಡಿ. ಕಂಪನಿಯ ಸೀಲ್, 41 ಲಕ್ಷದಿಂದ 53 ಲಕ್ಷದವರೆಗಿನ ಬೆಲೆಯಲ್ಲಿ. ಮಿಕ್ಕವರೆಲ್ಲ ಎತ್ತರದ ಕಾರುಗಳ ಬೆನ್ನು ಹತ್ತಿದ್ದಾರೆ.

ಸೀಲ್‌ನ ಅತಿ ವೇಗದ ಮಾದರಿ ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರಿನ ವೇಗವನ್ನು 3.8 ಸೆಕೆಂಡಿನಲ್ಲಿ ಮುಟ್ಟುತ್ತದೆಯೆಂದು ಕಂಪನಿ ಹೇಳುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು: ಮರದಿಂದ ಬೀಳುವ ತೆಂಗಿನಕಾಯಿಯ ವೇಗೋತ್ಕರ್ಷದ ಮುಕ್ಕಾಲು ಪಾಲು ಅದು. ಎಪ್ಪತ್ತೊಂದರ ಭಾವನವರಿಗೂ ಅರವತ್ತೆಂಟರ ಅಕ್ಕನಿಗೂ ತೆಂಗಿನಕಾಯಿಯ ವೇಗ ಏತಕ್ಕೆಂಬುದು ನನಗೆ ತಿಳಿಯದು.

ಮೊದಲನೆಯ ದಿನವೇ ಮುಖ್ಯ ಆಕ್ಷೇಪ ಬಂತು, ಬಂದದ್ದು ಅಕ್ಕನಿಂದ. ಬಾಗಿಲು ತೆರೆದು ಅವಳನ್ನು ಕೂರಿಸಲು ನಾವಿಬ್ಬರೂ ಹಿಡಿದುಕೊಳ್ಳಬೇಕಾಯಿತು. “ಕೂಕಂಬ್ಕೂ ಆತಿಲ್ಲೆ, ಏಳೂಕೂ ಆತಿಲ್ಲೆ. ಬಾವಿಗೆ ಇಳದಂಗ್ ಆತ್” ಎಂದಳು. ಇದಕ್ಕೊಂದು ಕಾರಣವುಂಟು. ವಿದ್ಯುತ್ ಕಾರಿನ ಬ್ಯಾಟರಿ ನೆಲದಡಿಯಲ್ಲಿ ಹಾಸುಗಲ್ಲಿನಂತೆ ಮಲಗಿರುತ್ತದೆ. ಅದರಿಂದ ಒಳಗಿನ ನೆಲ ಮೇಲಕ್ಕೇಳುತ್ತದೆ. ಎತ್ತರದ ಕಾರಿಗೆ ಇದು ಬಾಧಕವಲ್ಲ. ಆದರೆ ಗಾಳಿಯನ್ನು ಸೀಳಿಕೊಂಡು ಹೋಗಬೇಕೆಂದು ಚಾವಣಿಯನ್ನು ತಗ್ಗಿಸಿದ ಸೆಡಾನಿನಲ್ಲಿ ನೆಲವೂ ಏರಿ ಚಾವಣಿಯೂ ಇಳಿದರೆ ನಡುವೆ ಕುಳಿತ ಮನುಷ್ಯನ ಮೊಣಕಾಲು ಎದೆಯ ಕಡೆಗೆ ಬರಲೇಬೇಕು. ತೊಡೆಗೆ ಸೀಟಿನ ಆಸರೆಯಿಲ್ಲ. ಇಂಪಾಲಾದ ಹೆಂಗಸು ಸೋಫಾದಲ್ಲಿ ಕುಳಿತಂತೆ ಕುಳಿತಿದ್ದಿರಬೇಕು. ಅಕ್ಕ ಒಲೆಯ ಮುಂದಿನ ಮಣೆಯ ಮೇಲೆ ಕುಳಿತಂತೆ ಕುಳಿತಳು. ಭಾವನವರ ಮುಖವನ್ನು ನೋಡಲಾಗಲಿಲ್ಲ. ಒಳಗೆ ಹೋಗಿ ಹಳೆಯ ಹತ್ತಿಯ ದಿಂಬೊಂದನ್ನು ತಂದು ಅವಳ ತೊಡೆಯಡಿ ಇಟ್ಟರು. “ಈಗ ಅಡ್ಡಿಲ್ಲೆ” ಎಂದಳು. ಅದು ನಿಜವೋ ಅವರ ಸಮಾಧಾನಕ್ಕೋ ಹೇಳಲಾರೆ.

ಸದ್ದಿಲ್ಲದಿರುವುದನ್ನು ಎಲ್ಲರೂ ಹೊಗಳುತ್ತಾರೆ. ಉಪ್ಪುಂದದ ಒಳರಸ್ತೆಯಲ್ಲಿ ಅದರ ಇನ್ನೊಂದು ಮುಖವನ್ನು ಕಂಡೆ. ಡಾಮರಿನ ಮೇಲೆ ಮಲಗಿದ್ದ ನಾಯಿ ನಾವು ಹತ್ತಿರ ಬಂದರೂ ಕಿವಿಯನ್ನೆತ್ತಲಿಲ್ಲ. ಶಾಲೆಯಿಂದ ಬರುತ್ತಿದ್ದ ಮಕ್ಕಳು ಬೆನ್ನ ಹಿಂದೆ ಕಾರು ಇದೆಯೆಂದು ತಿಳಿಯದೆ ರಸ್ತೆಯ ತುಂಬ ನಡೆದರು. ಮೇಯಲು ಬಿಟ್ಟ ಗಂಟಿಗಳಂತೂ ಹಾರನ್ನಿಗೆ ಮಾತ್ರ ಬೆಲೆ ಕೊಡುವವು. ಮನುಷ್ಯನೂ ಪ್ರಾಣಿಯೂ ನೂರು ವರ್ಷಗಳಿಂದ ಎಂಜಿನ್ನಿನ ಸದ್ದನ್ನು ಅಪಾಯದ ಗುರುತಾಗಿ ಕಲಿತಿದ್ದಾರೆ. ಅದನ್ನು ಮರೆತು ಬೇರೊಂದನ್ನು ಕಲಿಯಲು ಕಾಲ ಬೇಕು. ತಗ್ಗಿದ ಕಾರಾದ್ದರಿಂದ ರಸ್ತೆಯ ಉಬ್ಬುಗಳಲ್ಲಿ ಭಾವನವರು ದೇವರ ಹೆಸರು ಹೇಳಿಕೊಂಡೇ ದಾಟಿಸುತ್ತಿದ್ದರು. ಜುಲೈ ತಿಂಗಳಲ್ಲಿ ನಾವುಂದದ ಸಾಲ್ಬುಡದ ಕಡೆ ಸೌಪರ್ಣಿಕೆ ತೋಟ ಗದ್ದೆಗಳ ಮೇಲೆ ಹರಿಯುವಾಗ ಈ ಕಾರನ್ನು ಆ ಒಳದಾರಿಗೆ ತರಬಾರದೆಂದು ನಾನು ಬರೆದುಕೊಂಡೆ. ಬ್ಯಾಟರಿಯೊಳಕ್ಕೆ ನೀರು ಹೋಗದಂತೆ ಮುಚ್ಚಿರುತ್ತಾರೆ, ನಿಜ. ಆದರೆ ಪ್ರವಾಹಕ್ಕೆ ಕಂಪನಿಯ ಮುಚ್ಚಳಿಕೆ ಪತ್ರ ಓದಲು ಬರುವುದಿಲ್ಲ.

ಆ ರಾತ್ರಿ ಚಾರ್ಜು ಮಾಡುವ ಪ್ರಕರಣ. ಕಾರಿನ ಜೊತೆಗೆ ಬಂದಿದ್ದ ತಂತಿಯನ್ನು ಅಡಿಗೆಮನೆಯ ಹದಿನೈದು ಆಂಪೇರಿನ ಸಾಕೆಟ್ಟಿಗೆ ಚುಚ್ಚಿದೆವು. ಕೆಂಪು ದೀಪ ಹತ್ತಿತು, ಚಾರ್ಜು ಹತ್ತಲಿಲ್ಲ. ಭಾವನವರು ಕಾರಿನ ಮೇಲೆ ಸಂಶಯಪಟ್ಟರು, ಅಕ್ಕ ಸಾಕೆಟ್ಟಿನ ಮೇಲೆ. ನನಗೆ ಮಾತ್ರ, ಮೂವತ್ತೆರಡು ವರ್ಷದ ಪಾಠ ಸಾರ್ಥಕವಾಗುವ ಗಳಿಗೆ ಬಂದಿತೆಂದು ಒಳಗೊಳಗೇ ಸಂತೋಷವಾಯಿತು. ದೋಷ ಎರಡರದೂ ಅಲ್ಲ, ಭೂಮಿಯದು. ಈ ಕಾರುಗಳು ಅರ್ತಿಂಗ್ ಸರಿಯಿಲ್ಲದ ಕಡೆ ವಿದ್ಯುತ್ತನ್ನು ಒಲ್ಲೆನೆನ್ನುತ್ತವೆ. ಮೈಯೆಲ್ಲ ಲೋಹವಾದ, ರಬ್ಬರಿನ ಗಾಲಿಯ ಮೇಲೆ ನಿಂತ ವಸ್ತುವಿಗೆ ಆ ಎಚ್ಚರ ಬೇಕಾದುದೇ. ನಮ್ಮ ನೆಲವೋ ಮುರಕಲ್ಲಿನದು. ಮಳೆಗಾಲದಲ್ಲಿ ನೀರನ್ನು ಹೀರಿಕೊಂಡು ವಿದ್ಯುತ್ತಿಗೆ ದಾರಿ ಕೊಡುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಒಣಗಿ ಬಿಸ್ಕತ್ತಿನಂತಾಗಿ ದಾರಿ ಮುಚ್ಚುತ್ತದೆ. ಹಿತ್ತಿಲಿನ ಅರ್ತಿಂಗ್ ಗುಂಡಿಯನ್ನು ಹುಡುಕಿ ಎಂಟು ಕೊಡ ನೀರು ಹೊಯ್ದೆವು, ಎರಡು ಸೇರು ಉಪ್ಪು ಸುರಿದೆವು. ಅರ್ಧ ಗಂಟೆಯ ಮೇಲೆ ಹಸುರು ದೀಪ ಬೆಳಗಿತು. ಐವತ್ತು ಲಕ್ಷದ ವಾಹನಕ್ಕೆ ಎಂಟು ಕೊಡ ಬಾವಿಯ ನೀರಿನ ಅಭಿಷೇಕವಾಗದೆ ಪ್ರಸಾದವಿಲ್ಲವೆಂದು ಅಕ್ಕ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಬಹಳ ದಿನಗಳಾಗಿದ್ದುವು.

ಹತ್ತಿದ ಚಾರ್ಜಾದರೂ ಎಂಥದು? ಎಂಬತ್ತು ಯೂನಿಟ್ಟು ಹಿಡಿಯುವ ಬ್ಯಾಟರಿಗೆ ಮನೆಯ ಸಾಕೆಟ್ಟಿನಿಂದ ಗಂಟೆಗೆ ಮೂರು ಯೂನಿಟ್ಟು. ಬರಿದಾದುದು ತುಂಬಲು ಒಂದು ಹಗಲು, ಒಂದು ರಾತ್ರಿ, ಮತ್ತೂ ಸ್ವಲ್ಪ. ಗೋಡೆಗೆ ಏಳು ಕಿಲೋವಾಟ್ಟಿನ ಪೆಟ್ಟಿಗೆ ಕೂರಿಸಿಕೊಂಡರೆ ಹನ್ನೊಂದು ಹನ್ನೆರಡು ಗಂಟೆ. ಅದಕ್ಕೆ ಮೆಸ್ಕಾಂಗೆ ಅರ್ಜಿ ಹಾಕಿ ಮನೆಯ ಮಂಜೂರಾದ ಹೊರೆಯನ್ನು ಹೆಚ್ಚಿಸಿಕೊಳ್ಳಬೇಕು. ಹೆದ್ದಾರಿಯ ಶೀಘ್ರ ಚಾರ್ಜಿನ ಕಂಬಗಳಲ್ಲಾದರೆ ಮುಕ್ಕಾಲು ಗಂಟೆ ಒಂದು ಗಂಟೆಯ ಕೆಲಸ. ಆದರೆ ಅಲ್ಲಿ ಯೂನಿಟ್ಟಿನ ದರ ಮನೆಯದರ ಮೂರು ಪಾಲು. ದಾರಿಯಲ್ಲಿ ನಾವು ನಿಲ್ಲಿಸಿದ ಕಂಬವೊಂದು ಕೆಟ್ಟು ನಿಂತಿತ್ತು. ಇನ್ನೊಂದು ಕಡೆ ಕಂಬ ಸರಿಯಿತ್ತು, ಹಣ ಕಟ್ಟಲು ಮೊಬೈಲಿನಲ್ಲಿ ಸಂಕೇತವಿರಲಿಲ್ಲ. ಹಾಗಾಗಿ ನನ್ನ ಅಭಿಪ್ರಾಯವಿಷ್ಟು: ಸ್ವಂತ ಅಂಗಳವೂ ಗಟ್ಟಿಯಾದ ಅರ್ತಿಂಗೂ ಇಲ್ಲದವರು ಸದ್ಯಕ್ಕೆ ಈ ಕಾರಿನ ಗೊಡವೆಗೆ ಹೋಗದಿರುವುದು ವಾಸಿ. ಭಾವನವರಿಗೆ ಅಂಗಳವಿತ್ತು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದರೇನು ಗತಿಯೆಂದು ಅಕ್ಕ ಕೇಳಿದಳು. ಇದಕ್ಕೆ ನನ್ನ ಲೆಕ್ಕ ಸಮಾಧಾನಕರವಾಗಿತ್ತು. ಒಂದು ಸಲ ಮಣಿಪಾಲಕ್ಕೆ ಹೋಗಿ ಬರಲು ಇಪ್ಪತ್ತೈದು ಯೂನಿಟ್ಟು ಸಾಕು. ತುಂಬಿಸಿಟ್ಟುಕೊಂಡ ಕಾರು ಕರೆಂಟಿಲ್ಲದೆ ಒಂದು ವಾರವನ್ನು ದಾಟಿಸುತ್ತದೆ. ಪೆಟ್ರೋಲ್ ಬಂಕಿನ ಪಂಪೂ ಕರೆಂಟಿನಿಂದಲೇ ಓಡುವುದನ್ನು ಜನ ಮರೆಯುತ್ತಾರೆ.

ಬ್ಯಾಟರಿ ಎಷ್ಟು ವರ್ಷ ಬಂದೀತೆಂಬುದೇ ಎಲ್ಲರ ಭಯ. ಸಾಮಾನ್ಯವಾಗಿ ಕಂಪನಿಗಳು ಎಂಟು ವರ್ಷ ಅಥವಾ 1,60,000 ಕಿಲೋಮೀಟರಿಗೆ ಜವಾಬ್ದಾರಿ ವಹಿಸುತ್ತವೆ. ಭಾವನವರ ಎಂಟು ವರ್ಷದ ಓಡಾಟ 1,24,800. ಬೆಂಗಳೂರಿನಲ್ಲಿ 2001ರಲ್ಲಿ ಮೈನಿಯವರ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿದಾಗ ಅದರಲ್ಲಿದ್ದುದು ಸೀಸದ ಬ್ಯಾಟರಿ. ಎಂಬತ್ತು ಕಿಲೋಮೀಟರಿಗೆ ಉಸಿರು ಕಟ್ಟುತ್ತಿತ್ತು. ಆ ಕಾರು ಲಂಡನ್ನಿನ ಬೀದಿಗಳಲ್ಲಿಯೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಈಗಿನ ಹಲವು ಕಾರುಗಳಲ್ಲಿರುವುದು ಲಿಥಿಯಮ್, ಕಬ್ಬಿಣ, ರಂಜಕಗಳ ಬ್ಯಾಟರಿ. ಈ ವಸ್ತುವಿನ ಗುಣವನ್ನು 1997ರಲ್ಲಿ ಅಮೆರಿಕದ ಟೆಕ್ಸಾಸಿನಿಂದ ಪ್ರಕಟಿಸಿದವರಲ್ಲಿ ಮೊದಲ ಹೆಸರು ಅಕ್ಷಯ ಪಾಢಿಯವರದು. ಗುರು ಜಾನ್ ಗುಡೆನಫ್ ಅವರಿಗೆ 2019ರಲ್ಲಿ, ಲಿಥಿಯಮ್ ಬ್ಯಾಟರಿಯ ಕೆಲಸಕ್ಕಾಗಿ, ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಬಂತು. ಆಗ ಅವರಿಗೆ ತೊಂಬತ್ತೇಳು ವರ್ಷ. ಇಂಥ ಬ್ಯಾಟರಿ ಬೆಂಕಿಗೆ ಬೇಗ ಬಗ್ಗುವುದಿಲ್ಲ, ಬಾಳಿಕೆಯೂ ಹೆಚ್ಚು. ತೂಕ ಮಾತ್ರ ಹೆಚ್ಚು. ಎರಡು ಟನ್ನಿನ ಮೇಲಿರುವ ಕಾರನ್ನು ಸಣ್ಣ ಪುಟ್ಟ ದುರಸ್ತಿಗೂ ಮಂಗಳೂರಿಗೋ ಬೆಂಗಳೂರಿಗೋ ಒಯ್ಯಬೇಕೆಂಬುದನ್ನು ಕಳೆಯುವ ಪಟ್ಟಿಯಲ್ಲಿ ಬರೆದೆ. ಬೈಂದೂರಿನ ಗ್ಯಾರೇಜಿನ ಹುಡುಗ ಬಾನೆಟ್ಟು ತೆರೆದು ನೋಡಿ, “ಇದ್ರಲ್ಲಿ ನಂಗೆ ಕೆಲ್ಸವೇ ಇಲ್ಲೆ” ಎಂದು ಮುಚ್ಚಿದ. ಅವನ ಮುಖದಲ್ಲಿದ್ದುದು ಬೆರಗಲ್ಲ.

ಎರಡನೆಯ ದಿನ ನನ್ನ ಹಟಕ್ಕೆ ಬಾಳೆಬರೆ ಘಾಟಿಗೆ ಹೋದೆವು. ಸಿದ್ದಾಪುರ ದಾಟಿ ಹೊಸಂಗಡಿಯ ಮೇಲಿನಿಂದ ಘಟ್ಟ ಹತ್ತಿ ಮಾಸ್ತಿಕಟ್ಟೆಯ ಹತ್ತಿರ ತಿರುಗಿಸಿದೆವು. ಆಗ ಬ್ಯಾಟರಿಯಲ್ಲಿ ನೂರಕ್ಕೆ ಐವತ್ತೆಂಟು ಇತ್ತು. ಇಳಿಯುವಾಗ ಭಾವನವರು ಬ್ರೇಕನ್ನು ಹೆಚ್ಚು ಮುಟ್ಟಲಿಲ್ಲ. ಮೋಟಾರೇ ಡೈನಮೋ ಆಗಿ ಕಾರನ್ನು ಹಿಡಿದುಕೊಂಡು ಬಂತು. ಕೆಳಗೆ ಹೊಸಂಗಡಿಯಲ್ಲಿ ನೋಡಿದರೆ ಅರವತ್ತು. ಹೋದದ್ದಕ್ಕಿಂತ ಬಂದದ್ದು ಹೆಚ್ಚೆಂದು ಭಾವನವರು ಬೆರಗಾದರು. ಹತ್ತುವಾಗ ಖರ್ಚಾದುದರ ಒಂದು ಪಾಲು ಮರಳಿತಷ್ಟೇ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ನನಗೆ ರುಚಿಸಿದ್ದು ಬೇರೆಯೇ ಸಂಗತಿ. ನಾವು ನಿಂತಲ್ಲಿಯೇ, ಗುಡ್ಡದ ಹೊಟ್ಟೆಯೊಳಗೆ, ವಾರಾಹಿಯ ಭೂಗತ ವಿದ್ಯುದಾಗಾರ. ಅದೇ ಘಟ್ಟದ ಮೇಲಿನಿಂದ ಕೊಳವೆಯಲ್ಲಿ ಇಳಿದ ನೀರು ಅಲ್ಲಿ ಗಾಲಿ ತಿರುಗಿಸುತ್ತದೆ. 115 ಮೆಗಾವಾಟ್ಟಿನ ನಾಲ್ಕು ಯಂತ್ರ, ಒಟ್ಟು 460. ಇಳಿಯುವ ನೀರೂ ಇಳಿಯುವ ಕಾರೂ ಮಾಡಿದ್ದು ಒಂದೇ ಕೆಲಸ. ಕ್ಲಾಸಿನಲ್ಲಿ ಎಷ್ಟು ವರ್ಷ ಬೋರ್ಡಿನ ಮೇಲೆ ಗುಡ್ಡ ಬರೆದು ಚೆಂಡು ಉರುಳಿಸಿದ್ದೆ! ಹುಡುಗರನ್ನು ಇಲ್ಲಿಗೆ ಕರೆತಂದಿದ್ದರಾಗಿತ್ತು.

ಆದರೆ ನಮ್ಮ ಜಿಲ್ಲೆಯ ತಂತಿಗಳಲ್ಲಿ ಹರಿಯುವುದೆಲ್ಲ ವಾರಾಹಿಯಲ್ಲ. ಪಡುಬಿದ್ರಿಯ ಹತ್ತಿರ ಎಲ್ಲೂರಿನಲ್ಲಿ ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು ಸುಡುವ 1,200 ಮೆಗಾವಾಟ್ಟಿನ ಸ್ಥಾವರವುಂಟು. ಉತ್ತರ ಕನ್ನಡದಲ್ಲಿ ಕೈಗಾದ ಅಣುಸ್ಥಾವರವುಂಟು. ಅದನ್ನು ವಿರೋಧಿಸಿ ನಮ್ಮ ಕೋಟದ ಶಿವರಾಮ ಕಾರಂತರು 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಲೋಕಸಭೆಯ ಚುನಾವಣೆಗೇ ನಿಂತಿದ್ದರು. ವಿದ್ಯುತ್ ಕಾರಿನ ಹಿಂಬದಿಯಲ್ಲಿ ಹೊಗೆಯ ಕೊಳವೆ ಇಲ್ಲವೆಂಬುದು ನಿಜ. ಕೊಳವೆ ಇನ್ನೊಂದು ಊರಿನಲ್ಲಿ, ಇನ್ನೊಬ್ಬರ ಗದ್ದೆಯ ಪಕ್ಕದಲ್ಲಿ ನಿಂತಿರಬಹುದು. ಕಲ್ಲಿದ್ದಲಿನ ವಿದ್ಯುತ್ತಿನಿಂದ ಓಡಿದರೂ ಒಟ್ಟಿನ ಹೊಗೆ ಪೆಟ್ರೋಲಿಗಿಂತ ಕಡಿಮೆಯೇ ಎಂದು ಬಲ್ಲವರ ಲೆಕ್ಕ; ಒಪ್ಪುತ್ತೇನೆ. ಎರಡು ಟನ್ನಿನ ಕಾರಿನಲ್ಲಿ ಒಬ್ಬರು ಕುಳಿತು ಪೇಟೆಗೆ ತರಕಾರಿ ತರಲು ಹೋದರೆ ಆ ಲೆಕ್ಕ ಮಸುಕಾಗುತ್ತದೆಂಬುದನ್ನೂ ಅವರು ಒಪ್ಪಬೇಕು.

ಇದೆಲ್ಲ ಹೊಸದೆಂದು ನಾವು ತಿಳಿದಿದ್ದೇವೆ. 1899ರಲ್ಲಿ ಬೆಲ್ಜಿಯಮ್ಮಿನ ಝೆನಾಟ್ಸಿಯೆಂಬವನು ಗಂಟೆಗೆ ನೂರು ಕಿಲೋಮೀಟರಿನ ವೇಗವನ್ನು ಮೊದಲು ಮೀರಿದ್ದು ವಿದ್ಯುತ್ ಗಾಡಿಯಲ್ಲಿಯೇ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಕಾಲು ಭಾಗಕ್ಕೆ ಮೀರಿ ವಿದ್ಯುತ್ತಿನವು. ಪೆಟ್ರೋಲಿನ ಕಾರನ್ನು ಕೈಹಿಡಿಕೆ ತಿರುಗಿಸಿ ಎಬ್ಬಿಸುವ ಕಷ್ಟವನ್ನು 1912ರಲ್ಲಿ ವಿದ್ಯುತ್ತಿನ ಸ್ಟಾರ್ಟರೇ ತಪ್ಪಿಸಿತು. ಹೀಗೆ ವಿದ್ಯುತ್ತೇ ವಿದ್ಯುತ್ ಕಾರಿನ ಮನೆ ಮುರಿಯಿತು.

ಮೂರನೆಯ ದಿನ ಮಣಿಪಾಲ. ಬೆಳಿಗ್ಗೆ ಆರು ಗಂಟೆಗೆ ನೂರಕ್ಕೆ ತೊಂಬತ್ತರ ಚಾರ್ಜಿನೊಡನೆ ಹೊರಟೆವು. ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಸೌಪರ್ಣಿಕೆ. ಮರವಂತೆಯಲ್ಲಿ ಕಿಟಕಿ ಇಳಿಸಿದಾಗ, ನಮ್ಮದೇ ಸದ್ದಿಲ್ಲದುದರಿಂದ, ತೆರೆಯ ಸದ್ದು ನಿಂತು ಕೇಳಿದಷ್ಟು ಚೆನ್ನಾಗಿ ಕೇಳಿಸಿತು. ಇದನ್ನು ಕೂಡಿಸುವ ಪಟ್ಟಿಗೆ ಸೇರಿಸಿದೆ. ಉಪ್ಪು ಗಾಳಿಗೆ ಹಿಡಿಯುವ ತುಕ್ಕನ್ನು ಕಳೆಯುವ ಪಟ್ಟಿಗೆ ಆಗಲೇ ಸೇರಿಸಿದ್ದೆ. ಆಸ್ಪತ್ರೆಯಲ್ಲಿ ಅಕ್ಕ ನಾಲ್ಕು ಗಂಟೆ ಒಳಗಿದ್ದಳು. ಭಾವನವರು ಬಿಸಿಲಿನಲ್ಲಿ ನಿಂತ ಕಾರಿನೊಳಗೆ, ಎಂಜಿನ್ನಿನ ಹಂಗಿಲ್ಲದ ತಂಪಿನಲ್ಲಿ, ಪತ್ರಿಕೆ ಓದುತ್ತ ಕಾದರು. ಅದಕ್ಕೆ ಗಂಟೆಗೊಂದು ಯೂನಿಟ್ಟಿನಂತೆ ಖರ್ಚಾಯಿತು. ನಾನು ಹೊರಗೆ ಬೆಂಚಿನ ಮೇಲೆ ಕುಳಿತು ಕಾಗದವನ್ನು ಮತ್ತೊಮ್ಮೆ ತಿದ್ದಿದೆ. ಯಾವ ಕಡೆಯಿಂದ ಕೂಡಿಸಿದರೂ ಉತ್ತರ ಒಂದೇ: ಬೇಡ. ವಿದ್ಯುತ್ ಕಾರು ಬೇಕಾದರೆ ಎತ್ತರದ್ದೊಂದನ್ನು ಇಪ್ಪತ್ತು ಲಕ್ಷದೊಳಗೆ ಕೊಳ್ಳಿ. ಮಿಕ್ಕ ಮೂವತ್ತನ್ನು ಅಕ್ಕನ ಔಷಧಕ್ಕೆಂದು ಬ್ಯಾಂಕಿನಲ್ಲಿಡಿ. ಹಿಂದಿರುಗುವಾಗ ಹೇಳಬೇಕೆಂದು ಮನಸ್ಸಿನಲ್ಲಿಯೇ ವಾಕ್ಯಗಳನ್ನು ಜೋಡಿಸಿಕೊಂಡೆ.

ಅಕ್ಕನನ್ನು ದಿಂಬಿನ ಆಸರೆಯಲ್ಲಿ ಕೂರಿಸಿ ಹೊರಟೆವು. ಬ್ರಹ್ಮಾವರ ದಾಟುವವರೆಗೆ ಅವಳು ಕಾಲನ್ನು ತಿಕ್ಕಿಕೊಳ್ಳುತ್ತಿದ್ದಳು. ಸಾಸ್ತಾನದ ಟೋಲಿನ ಹತ್ತಿರ ಕೈ ನಿಂತಿತು. ಕೋಟದ ಹತ್ತಿರ ನಾನು ಮಾತು ತೆಗೆಯಬೇಕೆಂದು ಗಂಟಲು ಸರಿಮಾಡಿಕೊಂಡೆ; ಭಾವನವರು ಕನ್ನಡಿಯಲ್ಲಿ ನೋಡಿ ತುಟಿಯ ಮೇಲೆ ಬೆರಳಿಟ್ಟರು. ತಿರುಗಿ ನೋಡಿದೆ. ಅಕ್ಕ ನಿದ್ದೆಹೋಗಿದ್ದಳು. ಬಾಯಿ ತುಸು ತೆರೆದಿತ್ತು. ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿತ್ತು. ಡಯಾಲಿಸಿಸ್ ಶುರುವಾದ ಮೇಲೆ ಬರುವ ದಾರಿಯಲ್ಲಿ ಅವಳು ಒಮ್ಮೆಯೂ ನಿದ್ದೆಮಾಡಿದ್ದಿಲ್ಲ.

ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರ ಕಳೆದುವು. ಕುಂದಾಪುರದ ಮೇಲ್ಸೇತುವೆಯ ಮೇಲೆ ಹೋಗುವಾಗ ನನ್ನನ್ನು ಇಳಿಸುವ ಮಾತೇ ಬರಲಿಲ್ಲ, ನಾನೂ ಕೇಳಲಿಲ್ಲ. ತ್ರಾಸಿ, ಮರವಂತೆ, ಕಿರಿಮಂಜೇಶ್ವರ. ಬೈಂದೂರು ಬಂತು. ಮನೆಯ ಕಡೆಗೆ ತಿರುಗುವಲ್ಲಿ ಭಾವನವರು ತಿರುಗಿಸಲಿಲ್ಲ. ಒತ್ತಿನೆಣೆಯ ಗುಡ್ಡವನ್ನು ಹತ್ತಿಸಿ ನೇರವಾಗಿ ನಡೆಸಿದರು. ಶಿರೂರಿನವರೆಗೆ ಹೋಗಿ, ಟೋಲಿನ ಈಚೆಗೆ ರಸ್ತೆಯ ಬದಿಯ ಮರದ ನೆರಳಿನಲ್ಲಿ ನಿಲ್ಲಿಸಿದರು. ಮುಂದಿನ ಫಲಕದಲ್ಲಿ ಐವತ್ತಮೂರು ಎಂದು ತೋರಿಸುತ್ತಿತ್ತು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನಾವಿಬ್ಬರೂ ಮಾತಿಲ್ಲದೆ ಕುಳಿತೆವು. ಒಳಗೆ ತಂಪು ಹರಿಯುತ್ತಿತ್ತು. ಲಾರಿಗಳು ಹಾದುಹೋದಾಗ ಕಾರು ಸ್ವಲ್ಪ ಅಲುಗುತ್ತಿತ್ತು, ಅವಳು ಏಳಲಿಲ್ಲ. ಜೇಬಿನಲ್ಲಿದ್ದ ಕಾಗದವನ್ನು ನಾನು ತೆಗೆಯಲಿಲ್ಲ.

ಸಂಜೆ ಮಿತ್ರರು ಬಂದು ಕಾರನ್ನು ಒಯ್ದರು. ನಾನು ಕೊನೆಯ ಬಸ್ಸಿಗೆ ಕುಂದಾಪುರಕ್ಕೆ ಬಂದೆ. ಮರುದಿನ ಬೆಳಿಗ್ಗೆ ಭಾವನವರ ಕರೆ ಬಂತು, ಎಂದಿನಂತೆ ಪೀಠಿಕೆಯಿಲ್ಲ. ಹೊಸ ಅರ್ತಿಂಗ್ ಗುಂಡಿಯನ್ನು ಎಷ್ಟು ಆಳಕ್ಕೆ ತೋಡಬೇಕು, ಮುರಕಲ್ಲು ಕಡಿಯುವ ಜನ ನಿಮ್ಮ ಕಡೆ ಸಿಕ್ಕಾರೆಯೇ ಎಂದು ಕೇಳಿದರು.